ಬಂಗಾರದ ಗುಡ್ಡಕ್ಕೆ ನಮ್ಮೂರಿನಿಂದ ಒಂದು ದಾರಿ

ವಿಜಯಪುರದ ನೆಲದಲ್ಲಿ ಬಂಗಾರವಿಲ್ಲ. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಬೋರು ಕೊರೆಸುವವರು ನೂರಾರು ಅಡಿ ಇಳಿದರೂ ಮೇಲೆ ಬರುವುದು ಕರಿಕಲ್ಲಿನ ಪುಡಿ, ನಡುವೆ ಎಲ್ಲೋ ಒಂದು ಕೆಂಪು ಪದರು, ದೈವ ಒಲಿದರೆ ನೀರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು, ಲಾವಾ ಮೇಲೆ ಲಾವಾ ಹರಿದು ಹೆಪ್ಪುಗಟ್ಟಿದ ಕಲ್ಲು ಇದು. ಗೋಳಗುಮ್ಮಟದ ಗೋಡೆಯಲ್ಲಿ ಇರುವುದೂ ಇದೇ ಕಲ್ಲು, ಬಬಲೇಶ್ವರದ ಎರೆಹೊಲದ ಮಣ್ಣಾಗಿ ಸವೆದು ನಿಂತದ್ದೂ ಇದೇ. ಬಿಳಿಜೋಳಕ್ಕೆ, ಕಡಲೆಗೆ, ಹತ್ತಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಡ. ಆದರೆ ಬಂಗಾರ ಹುಟ್ಟಿದ ಕಲ್ಲು ಬೇರೆ ಜಾತಿಯದು. ಅದರ ವಯಸ್ಸು ನಮ್ಮ ಕರಿಕಲ್ಲಿನ ನಲವತ್ತು ಪಟ್ಟು. ಎರಡೂವರೆ ಸಾವಿರ ದಶಲಕ್ಷ ವರ್ಷಗಳಿಗೂ ಹಿಂದಿನದು. ಆ ಕಲ್ಲು ಕಾಣಬೇಕೆಂದರೆ ಕೃಷ್ಣೆ ದಾಟಿ, ಮಲಪ್ರಭೆ ದಾಟಿ, ಗದಗಿನ ಆಚೆ ಹೋಗಬೇಕು. ಅಲ್ಲಿ ಕಪ್ಪತಗುಡ್ಡವಿದೆ.

ಕಪ್ಪತಗುಡ್ಡವನ್ನು ಔಷಧಿ ಗಿಡಗಳ ಗುಡ್ಡವೆಂದು ಉತ್ತರ ಕರ್ನಾಟಕದ ಬಹಳ ಮಂದಿ ಬಲ್ಲರು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡು ಎಂಬ ಮಾತು ನಮ್ಮ ಹಿರಿಯರ ಬಾಯಲ್ಲೂ ಇತ್ತು. ಅದು ಅಭಯಾರಣ್ಯವಾಗಿದೆ ಎಂಬುದೂ ಪತ್ರಿಕೆ ಓದುವವರಿಗೆ ಗೊತ್ತು. ಆದರೆ ಅದೇ ಗುಡ್ಡಕ್ಕೆ ನೂರಿಪ್ಪತ್ತು ವರ್ಷಗಳ ಹಿಂದೆ ಬಂಗಾರದ ಬೇಟೆಗಾರರು ಮುಗಿಬಿದ್ದಿದ್ದರು, ಅಲ್ಲಿ ಬಾವಿಯಂತೆ ಗಣಿ ತೋಡಿದ್ದರು, ಯಂತ್ರ ಹೂಡಿದ್ದರು, ಕೆಲವೇ ವರ್ಷಗಳಲ್ಲಿ ಎಲ್ಲವನ್ನೂ ಬಿಟ್ಟು ಹೋದರು ಎಂಬ ಕಥೆ ವಿಜಯಪುರದಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಈ ಕಥೆ ನಮಗೆ ಬೇಕು. ಆ ಗುಡ್ಡವನ್ನು ಉಳಿಸಿದ ಹೋರಾಟದ ಮುಂದೆ ನಿಂತವರು ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದವರು ಎಂಬುದು ಅದಕ್ಕೆ ಒಂದು ಕಾರಣ. ಒಂದು ಗುಡ್ಡದ ಬೆಲೆಯನ್ನು ಅದರ ಹೊಟ್ಟೆಯಲ್ಲಿರುವ ಲೋಹದಿಂದ ಅಳೆಯುವ ರೂಢಿಯನ್ನು ಈ ಗುಡ್ಡ ಎರಡೆರಡು ಸಲ ಸುಳ್ಳು ಮಾಡಿದೆ ಎಂಬುದು ಇನ್ನೊಂದು.

ದಾರಿಯಿಂದಲೇ ಶುರು ಮಾಡೋಣ. ಈ ಪ್ರವಾಸದಲ್ಲಿ ದಾರಿಯೇ ಅರ್ಧ ಪಾಠ. ವಿಜಯಪುರದಿಂದ ಗದಗಿಗೆ ರೈಲಿನಲ್ಲಿ ಸುಮಾರು 190 ಕಿಲೋಮೀಟರ್. ಹೋಟಗಿಯಿಂದ ಗದಗಿನವರೆಗಿನ ಈ ಹಳಿ ಬಿದ್ದದ್ದು 1884ರಲ್ಲಿ. 1876–78ರ ಭೀಕರ ಬರದಲ್ಲಿ ಈ ಸೀಮೆಯ ಜನ, ದನ ಸತ್ತ ಲೆಕ್ಕ ಕಂಡ ಮೇಲೆ, ಕಾಳು ಸಾಗಿಸಲು ರೈಲು ಬೇಕೇಬೇಕು ಎಂಬ ಅರಿವಿನಿಂದ ದಕ್ಷಿಣ ಮರಾಠಾ ರೈಲ್ವೆ ಹುಟ್ಟಿತು. ಮೊದಲು ಮೀಟರ್ ಗೇಜ್ ಇತ್ತು, ಈಗ ಬ್ರಾಡ್‌ಗೇಜ್. ರಸ್ತೆಯಲ್ಲಿ ಹೋಗುವವರಿಗೆ ಕೊಲ್ಹಾರದ ಸೇತುವೆಯ ಮೇಲೆ ಆಲಮಟ್ಟಿಯ ಹಿನ್ನೀರು ಎರಡೂ ಕಡೆ ಸಮುದ್ರದಂತೆ ಹರಡಿಕೊಳ್ಳುತ್ತದೆ. ಬಬಲೇಶ್ವರದವರಾದರೆ ಗಲಗಲಿಯ ಬಳಿ ಕೃಷ್ಣೆ ದಾಟಿಯೂ ಹೋಗಬಹುದು.

ಕೃಷ್ಣೆ ದಾಟಿ ಬಾಗಲಕೋಟೆಯ ಕಡೆ ಹೊರಳಿದಂತೆ ಕರಿಕಲ್ಲು ಮುಗಿಯುತ್ತ ಬರುತ್ತದೆ. ಕಲಾದಗಿಯ ಸುಣ್ಣಕಲ್ಲು, ಬಾದಾಮಿಯ ಕೆಂಪು ಮರಳುಗಲ್ಲು ಕಾಣಿಸಿಕೊಳ್ಳುತ್ತವೆ. ಚಾಲುಕ್ಯರು ಗುಹೆ ಕೊರೆದ ಕಲ್ಲು ಒಂದು ಕಾಲದ ನೀರಿನ ತಳದಲ್ಲಿ ಕೂತ ಮರಳು. ಅದನ್ನೂ ದಾಟಿ ರೋಣದ ಎರೆಸೀಮೆ ಹಾಯ್ದು ಗದಗಿಗೆ ಬಂದಾಗ, ದಕ್ಷಿಣ ದಿಕ್ಕಿನಲ್ಲಿ ಬಾನಂಚಿಗೆ ಗೆರೆ ಎಳೆದಂತೆ ಒಂದು ಉದ್ದನೆಯ ಗುಡ್ಡಸಾಲು. ನಾವು ಅಷ್ಟು ದೂರದಲ್ಲಿ ಮೇಲಿನ ಪದರು ಬಿಟ್ಟು ಕೆಳಗಿನದಕ್ಕೆ, ಹೊಸ ಕಲ್ಲು ಬಿಟ್ಟು ಹಳೆಯ ಕಲ್ಲಿಗೆ ಬಂದಿರುತ್ತೇವೆ. ಒಂದೇ ದಿನದ ಪ್ರಯಾಣದಲ್ಲಿ ಭೂಮಿಯ ವಯಸ್ಸಿನ ಅರ್ಧದಷ್ಟನ್ನು ಹಿಂದಕ್ಕೆ ನಡೆದಂತೆ.

ಈ ದಾರಿಯ ಕಲ್ಲುಗಳನ್ನು ಹೀಗೆ ಓದಲು ಕಲಿಸಿದವರಲ್ಲಿ ದೊಡ್ಡ ಹೆಸರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಅಧಿಕಾರಿ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿ ಈ ದೇಶದ ಇತಿಹಾಸಪೂರ್ವ ಅಧ್ಯಯನಕ್ಕೆ ಬಾಗಿಲು ತೆರೆದವನೂ ಅವನೇ. ನಮ್ಮ ಸೀಮೆಯ ಭೂರಚನೆಯ ಮೇಲೆ ಅವನ ದೊಡ್ಡ ಗ್ರಂಥ 1876ರಲ್ಲಿ ಬಂತು. ಅದಕ್ಕೂ ಎರಡು ವರ್ಷ ಮೊದಲು, 1874ರಲ್ಲಿ, ಡಂಬಳದ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡದ ಸಾಲಿನ, ಬಂಗಾರದ ಕಲ್ಲುಗಳ ಬಗ್ಗೆಯೇ ಅವನು ಒಂದು ಲೇಖನ ಬರೆದ. ಮುಂದೆ ಈ ಹಳೆಯ ಕಲ್ಲುಗಳ ಇಡೀ ಕುಲಕ್ಕೆ ಧಾರವಾಡ ಎಂಬ ಹೆಸರಿಟ್ಟ. ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನಿಯಾದರೂ ಈ ಹೆಸರು ಬಲ್ಲ. ಕೋಲಾರ, ಹಟ್ಟಿ, ಗದಗ, ಈ ಮೂರೂ ಕಡೆಯ ಬಂಗಾರ ಇರುವುದು ಇಂಥ ಪ್ರಾಚೀನ ಶಿಲಾಪಟ್ಟಿಗಳಲ್ಲೇ.

ಫೂಟ್ ಬಂಗಾರವನ್ನು ಕಂಡುಹಿಡಿದನೆಂದು ಯಾರೂ ತಿಳಿಯಬಾರದು. ಅವನಿಗೆ ಅದನ್ನು ತೋರಿಸಿದವರು ಜಲಗಾರರು. ಮಳೆ ಸುರಿದು ಹಳ್ಳ ಬಂದು ಇಳಿದ ಮೇಲೆ, ಸೊರಟೂರು, ಡೋಣಿಯ ಹಳ್ಳಗಳ ತಿರುವಿನಲ್ಲಿ ತಂಗಿದ ಮಣ್ಣನ್ನು ಮರದ ಮರಿಗೆಯಲ್ಲಿ ತುಂಬಿಕೊಂಡು, ನೀರಿನಲ್ಲಿ ಆಡಿಸಿ ಆಡಿಸಿ ತೊಳೆಯುವುದು ಅವರ ಕಸುಬು. ಬಂಗಾರ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ. ಬೆಣಚುಕಲ್ಲಿನ ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಗಾಗಿ ಹಗುರವಾದದ್ದು ತೇಲಿ ಹೋಗುತ್ತದೆ, ಕಬ್ಬಿಣದ ಕರಿಮರಳು ತಳದಲ್ಲಿ ಉಳಿಯುತ್ತದೆ, ಕೈ ಪಳಗಿದವನಿಗೆ ಅದರ ಅಂಚಿನಲ್ಲಿ ಹಳದಿಯ ಒಂದು ಎಳೆ ಕಾಣುತ್ತದೆ. ಅದಕ್ಕೆ ಪಾದರಸ ಹಾಕಿದರೆ ಬಂಗಾರದ ಕಣಗಳೆಲ್ಲ ಪಾದರಸಕ್ಕೆ ಅಂಟುತ್ತವೆ. ಕಾಯಿಸಿದರೆ ಪಾದರಸ ಹಾರಿಹೋಗಿ ಬಂಗಾರ ಉಳಿಯುತ್ತದೆ. ಆ ಹೊಗೆ ಕುಡಿದವರ ಎದೆ, ನರ ಏನಾಗುತ್ತಿತ್ತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಸಿಗುತ್ತಿದ್ದದ್ದೂ ದಿನಗೂಲಿಯಷ್ಟೇ. ವಿಜಯಪುರದ ಸರಾಫ ಬಜಾರದಂಥ ಕಡೆ ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು ಗುಡಿಸಿ ತೊಳೆದು ಕಣ ಆಯುವವರ ವಿದ್ಯೆಯೂ ಇದೇ. ಗುಡ್ಡದ ಬಂಗಾರದ ಚರಿತ್ರೆ ಬರೆಯುವಾಗ ನಾನು ಮೊದಲ ಸ್ಥಾನ ಕೊಡುವುದು ಕಂಪನಿಗಳಿಗಲ್ಲ, ಹೆಸರು ಉಳಿಯದ ಈ ಜನಕ್ಕೆ.

ಅವರಿಗೂ ಹಿಂದೆ? ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಜನ ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರು ಸುರಿದು ಸೀಳಿ, ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರು. ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಎಂಬಾತ ಚಿನ್ನ ಹುಡುಕಲು ಬಂದ ಗಣಿ ಎಂಜಿನಿಯರ್. ಮೌರ್ಯರ ಕಣ್ಣು ಈ ದಕ್ಷಿಣದ ಸೀಮೆಯ ಮೇಲೆ ಬಿದ್ದದ್ದು ಬಂಗಾರಕ್ಕಾಗಿಯೇ ಎಂದು ನಂಬುವ ಇತಿಹಾಸಕಾರರಿದ್ದಾರೆ. ಕಪ್ಪತಗುಡ್ಡದ ಸುತ್ತಲೂ ಹಳೆಯ ಕಾಲದ ಅಗೆತದ ಕುಳಿಗಳನ್ನು ಬ್ರಿಟಿಷ್ ಸಮೀಕ್ಷಕರು ಕಂಡರು. ಗುಡ್ಡದ ಉತ್ತರಕ್ಕೆ ಇರುವ ಲಕ್ಕುಂಡಿ, ಅಂದರೆ ಶಾಸನಗಳ ಲೊಕ್ಕಿಗುಂಡಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಶಾಲೆಯಿದ್ದ ಊರು. ಅಲ್ಲಿ ಟಂಕಿಸಿದ ಗದ್ಯಾಣವೆಂಬ ಬಂಗಾರದ ನಾಣ್ಯಗಳಿಗೆ ಊರಿನ ಹೆಸರೇ ಇತ್ತು. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ್ದು ಅಲ್ಲೇ. ಆ ನಾಣ್ಯಗಳ ಬಂಗಾರ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುತ್ತ ಲಕ್ಕುಂಡಿಯ ಬೀದಿಯಲ್ಲಿ ನಿಂತರೆ, ದಿಗಂತದಲ್ಲಿ ಗುಡ್ಡ ಕಾಣುತ್ತದೆ.

ಹತ್ತೊಂಬತ್ತನೇ ಶತಮಾನದ ಲೋಕಕ್ಕೆ ಬಂಗಾರದ ಹುಚ್ಚು ಹಿಡಿದಿತ್ತು. 1849ರಲ್ಲಿ ಕ್ಯಾಲಿಫೋರ್ನಿಯಾ, 1851ರಲ್ಲಿ ಆಸ್ಟ್ರೇಲಿಯಾ, 1896ರ ನಂತರ ಕೆನಡಾದ ಕ್ಲೊಂಡೈಕ್. ಕ್ಲೊಂಡೈಕಿಗೆ ಹೊರಟವರು ಲಕ್ಷ ಮಂದಿ, ಹಿಮದ ಕಣಿವೆ ದಾಟಿ ತಲುಪಿದವರು ಮೂವತ್ತು ನಲವತ್ತು ಸಾವಿರ, ಶ್ರೀಮಂತರಾದವರು ಬೆರಳೆಣಿಕೆಯಷ್ಟು. ವರ್ಷಕ್ಕಾಗುವಷ್ಟು ದವಸ ಧಾನ್ಯ ಹೊತ್ತು ತರದವರನ್ನು ಗಡಿಯ ಪೊಲೀಸರು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ, ಒಬ್ಬೊಬ್ಬನೂ ಒಂದು ಟನ್ನಿನಷ್ಟು ಸಾಮಾನನ್ನು ಮತ್ತೆ ಮತ್ತೆ ಗುಡ್ಡ ಹತ್ತಿ ಇಳಿದು ಸಾಗಿಸಿದ. ಇಂದು ಆ ದಾರಿ ಅಮೆರಿಕದ ಅಲಾಸ್ಕಾದಲ್ಲಿ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ. ತುಕ್ಕು ಹಿಡಿದ ಬಾಯ್ಲರು, ಮುರಿದ ಗಾಡಿ, ಹರಿದ ಬೂಟು ಎಲ್ಲವನ್ನೂ ಇದ್ದಲ್ಲೇ ಕಾಯ್ದಿಟ್ಟಿದ್ದಾರೆ. ಚಾರಣಿಗರು ದೂರ ದೂರದಿಂದ ಬಂದು ಆ ದಾರಿಯಲ್ಲಿ ನಡೆಯುತ್ತಾರೆ.

ಆ ಹುಚ್ಚಿನ ಒಂದು ಕವಲು ನಮ್ಮಲ್ಲಿಗೂ ಹರಿಯಿತು. ಫೂಟ್ ಬರುವ ಮೊದಲೇ, ಆಸ್ಟ್ರೇಲಿಯಾದ ಚಿನ್ನದ ನೆಲದಲ್ಲಿ ಪಳಗಿದ ಗಣಿಗಾರನೊಬ್ಬ ಈ ಗುಡ್ಡಗಳಲ್ಲಿ ಶೋಧ ಮಾಡಿ ಹೋಗಿದ್ದ. ಆಮೇಲೆ 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಕಾಲಿಟ್ಟಿತು. ಕೆಲವು ವರ್ಷಗಳಲ್ಲಿ ಅಲ್ಲಿಯ ಷೇರುಗಳು ಲಂಡನ್ನಿನಲ್ಲಿ ಮಾತಾದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿಯಿತು. ಕೋಲಾರದಲ್ಲಿ ಆದದ್ದು ಆಗ ಈ ಗುಡ್ಡ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ ಯಾಕಾಗಬಾರದು ಎಂಬ ಆಸೆ ಹುಟ್ಟಲು ಅಷ್ಟೇ ಸಾಕಾಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿ, ಅತ್ತಿಕಟ್ಟಿ, ಹೊಸೂರು ಸುತ್ತ ಕಂಪನಿಗಳು ಬೀಡುಬಿಟ್ಟವು. ಗದಗಿನವರೆಗೆ ರೈಲಿತ್ತು, ಕೈಯಲ್ಲಿ ಸರ್ವೇ ನಕ್ಷೆಯಿತ್ತು. ಗಣಿಗಳಲ್ಲೊಂದಕ್ಕೆ ಸಾಂಗ್ಲಿ ಎಂಬ ಹೆಸರು ಬಂತು. ಆಗ ಶಿರಹಟ್ಟಿ ಸೀಮೆ ಸಾಂಗ್ಲಿ ಸಂಸ್ಥಾನದ ಆಡಳಿತದಲ್ಲಿತ್ತು. ಒಣದ್ರಾಕ್ಷಿ ಹೇರಿಕೊಂಡು ತಾಸಗಾಂವ, ಸಾಂಗ್ಲಿಯ ಪೇಟೆಗೆ ಹೋಗಿಬರುವ ತಿಕೋಟಾದ ರೈತನಿಗೆ ಸಾಂಗ್ಲಿ ನೆರೆಮನೆಯಿದ್ದಂತೆ. ಆ ಊರಿನ ಹೆಸರನ್ನು ಇಷ್ಟು ದಕ್ಷಿಣದಲ್ಲಿ, ಕಾಡಿನ ನಡುವಿನ ಒಂದು ಹಾಳು ಗಣಿಯ ಬಾಯಲ್ಲಿ ಕಂಡರೆ ಅಚ್ಚರಿಯಾದೀತು.

ಬಂಗಾರ ಸ್ವಲ್ಪ ಬಂತು. ಸಾಲದಾಯಿತು. ಕೋಲಾರದಲ್ಲಿ ಬಂಗಾರ ಹೊತ್ತ ಬೆಣಚಿನ ಎಳೆ ಮೈಲುಗಟ್ಟಲೆ ಉದ್ದ, ಮೈಲುಗಟ್ಟಲೆ ಆಳಕ್ಕೆ ಕಡಿಯದೆ ಇಳಿದಿತ್ತು. ಕಪ್ಪತಗುಡ್ಡದಲ್ಲಿ ಆ ಎಳೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಬತ್ತಿ, ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಇಲ್ಲಿಯ ಬಂಗಾರದ ಒಂದು ಪಾಲು ಬಿಡಿ ಕಣವಾಗಿಲ್ಲ. ಗಂಧಕ ಮತ್ತು ಆರ್ಸೆನಿಕ್ ಕೂಡಿದ ಖನಿಜದ ಒಳಗೆ ಸೇರಿಕೊಂಡಿದೆ. ಅಂಥದ್ದನ್ನು ಪಾದರಸ ಹಿಡಿಯುವುದಿಲ್ಲ, ಸೈನೈಡ್ ದ್ರಾವಣವೂ ಸುಲಭಕ್ಕೆ ಕರಗಿಸುವುದಿಲ್ಲ. ಹುರಿದು ಆರ್ಸೆನಿಕ್ ಬಿಡಿಸಬೇಕು. ಅಂದರೆ ವಿಷದ ಹೊಗೆ. 1911ರ ಹೊತ್ತಿಗೆ ಎಲ್ಲವೂ ನಿಂತಿತು. ಕಂಪನಿಗಳು ಎದ್ದು ಹೋದವು. ಕುಳಿಗಳ ಬಾಯಿಗೆ ಮುಳ್ಳುಕಂಟಿ ಬೆಳೆಯಿತು.

ಈ ಸೋಲನ್ನು ಗುಡ್ಡದ ಮೊದಲ ಗೆಲುವು ಎಂದು ನಾನು ಭಾವಿಸುತ್ತೇನೆ. ಕೋಲಾರವನ್ನು ನೋಡಿ ಬಂದವರಿಗೆ ಈ ಮಾತಿನ ಅರ್ಥ ವಿವರಿಸಬೇಕಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಬಂಗಾರ ಕೊಟ್ಟ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಮೂರು ಕಿಲೋಮೀಟರಿಗೂ ಹೆಚ್ಚು ಆಳದ, ನೀರು ತುಂಬಿದ ಸುರಂಗಗಳು. ಊರ ಮಗ್ಗುಲಲ್ಲೇ ಸೈನೈಡ್ ದಿಬ್ಬಗಳು. ಗಾಳಿ ಬೀಸಿದರೆ ಮನೆಗಳಿಗೆ ನುಗ್ಗುವ ಬಿಳಿ ಧೂಳು. ಕೆಲಸ ಕಳೆದುಕೊಂಡು ದಿನವೂ ಬೆಂಗಳೂರಿನ ರೈಲು ಹಿಡಿಯುವ ಕುಟುಂಬಗಳು. ಲೆಕ್ಕವೂ ನೋಡಿ. ಇಂದು ಟನ್ ಕಲ್ಲಿಗೆ ಮೂರು ಗ್ರಾಂ ಬಂಗಾರ ಸಿಕ್ಕರೆ ಗಣಿ ನಡೆಸಬಹುದು. ಒಂದು ತೊಲೆಯ ಸರಕ್ಕೆ ಟ್ರ್ಯಾಕ್ಟರ್ ಟ್ರೇಲರಿನಷ್ಟು ಬಂಡೆ ಒಡೆದು ಹಿಟ್ಟು ಮಾಡಬೇಕು. ಸರ ಹೋಗುವುದು ಯಾರದೋ ಕೊರಳಿಗೆ. ಹಿಟ್ಟು ಉಳಿಯುವುದು ಗುಡ್ಡದ ಬುಡದ ಹಳ್ಳಗಳಲ್ಲಿ, ಅಲ್ಲಿಂದ ತುಂಗಭದ್ರೆಯಲ್ಲಿ.

ಬಂಗಾರದವರು ಬಿಟ್ಟುಹೋದರೂ ಗಣಿಯವರು ಗುಡ್ಡವನ್ನು ಬಿಡಲಿಲ್ಲ. ಕಪ್ಪತಗುಡ್ಡದ ನೆತ್ತಿಯ ಕಲ್ಲು ಕಬ್ಬಿಣದ್ದು. ಪಟ್ಟೆ ಪಟ್ಟೆಯಾಗಿ ಕೆಂಪು, ಕಪ್ಪು. ಅದು ಗಟ್ಟಿಯಾದ್ದರಿಂದಲೇ ಸುತ್ತಲ ನೆಲವೆಲ್ಲ ಸವೆದರೂ ಗುಡ್ಡ ಉಳಿದಿದೆ. ಹೊಸ ಶತಮಾನದಲ್ಲಿ ಕಬ್ಬಿಣದ ಬೆಲೆ ಏರಿದಾಗ ಕಣ್ಣು ಅದರ ಮೇಲೆ ಬಿತ್ತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಕೊರಿಯಾದ ಪೋಸ್ಕೊ ಕಂಪನಿಗೆ ಉಕ್ಕಿನ ಕಾರ್ಖಾನೆಗಾಗಿ ಸಾವಿರಾರು ಎಕರೆ ಜಮೀನು ಕೊಡುವ ಯೋಜನೆ ಬಂತು. 2011ರಲ್ಲಿ ರೈತರು ಎದ್ದರು. ಅವರ ಮುಂದೆ ನಿಂತವರು ಡಂಬಳ–ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ. ಅದೇ ವರ್ಷ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು.

ಸಿದ್ಧಲಿಂಗ ಸ್ವಾಮೀಜಿ ಹುಟ್ಟಿದ್ದು 1949ರಲ್ಲಿ, ನಮ್ಮ ಜಿಲ್ಲೆಯ ಅಂದಿನ ಸಿಂದಗಿ ತಾಲ್ಲೂಕಿನ ಕೋರವಾರದಲ್ಲಿ. 1974ರಲ್ಲಿ ಗದಗಿನ ಪೀಠ ಏರಿದರು. ಗೋಕಾಕ್ ಚಳವಳಿಯ ಕಾಲದಿಂದ ಕನ್ನಡದ ಕೆಲಸಕ್ಕೆ ಮಠವನ್ನು ತೆರೆದಿಟ್ಟವರು, ಮಠದ ಮುದ್ರಣಾಲಯದಿಂದ ನೂರಾರು ಪುಸ್ತಕ ಹೊರತಂದವರು, ಕೋಮು ಸೌಹಾರ್ದಕ್ಕಾಗಿ ರಾಷ್ಟ್ರ ಪ್ರಶಸ್ತಿ ಪಡೆದವರು. ಬಯಲುಸೀಮೆಯಲ್ಲಿ ಹುಟ್ಟಿದವರಿಗೆ ಗಿಡದ ಬೆಲೆ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಮೈಲಿ ಮೈಲಿ ನಡೆದರೂ ಒಂದು ಬೇವಿನ ನೆರಳು ಸಿಗದ ಊರಿನಿಂದ ಬಂದವರು ಅವರು. ಗುಡ್ಡದ ಜೊತೆ ಅವರಿಗಿದ್ದ ಹಟದ ಬೇರು ಆ ಬಿಸಿಲಿನಲ್ಲಿಯೂ ಇದ್ದೀತು ಎಂದು ನನಗನಿಸುತ್ತದೆ.

ಮುಂದಿನ ಘಟನೆಗಳು ವೇಗವಾಗಿ ನಡೆದವು. 2015ರ ಡಿಸೆಂಬರಿನಲ್ಲಿ ಸರ್ಕಾರ ಕಪ್ಪತಗುಡ್ಡದ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಆದೇಶ ವಾಪಸಾಯಿತು. ಗಣಿ ಕಂಪನಿಗಳಿಗೆ ಬಾಗಿಲು ತೆರೆಯುವುದಕ್ಕೇ ಇದು ಎಂದು ಗದಗಿನ ಜನ ಅರ್ಥಮಾಡಿಕೊಂಡರು. 2017ರ ಫೆಬ್ರವರಿಯಲ್ಲಿ ಸ್ವಾಮೀಜಿ ಗದಗಿನಲ್ಲಿ ಅಹೋರಾತ್ರಿ ಧರಣಿ ಕೂತರು. ಗುಡ್ಡದ ಮೇಲಿನ ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿ, ಪರಿಸರ ಹೋರಾಟಗಾರರು, ಸಾಹಿತಿಗಳು, ವಿದ್ಯಾರ್ಥಿಗಳು, ರೈತರು, ಹೆಣ್ಣುಮಕ್ಕಳು ಜೊತೆಯಾದರು. ಏಪ್ರಿಲ್‌ನಲ್ಲಿ ಸಂರಕ್ಷಿತ ಮೀಸಲಿನ ಸ್ಥಾನ ಮರಳಿತು. 2018ರ ಅಕ್ಟೋಬರ್ 20ರಂದು ಸ್ವಾಮೀಜಿ ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ವ್ಯಾಪ್ತಿಯ ಕಪ್ಪತಗುಡ್ಡ ವನ್ಯಜೀವಿ ಅಭಯಾರಣ್ಯ ಘೋಷಣೆಯಾಯಿತು. ಅದನ್ನು ಅವರು ನೋಡಬೇಕಿತ್ತು.

ಈಗ ಗುಡ್ಡ ಹತ್ತೋಣ. ಗದಗಿನಿಂದ ಮುಂಡರಗಿ ರಸ್ತೆ ಹಿಡಿದರೆ ಮೊದಲು ಡಂಬಳ. ಅಲ್ಲಿಯ ದೊಡ್ಡಬಸಪ್ಪ ಗುಡಿಯ ಗೋಡೆ ನಕ್ಷತ್ರದ ಮೂಲೆಗಳಾಗಿ ತಿರುಗುತ್ತ ಹೋಗುವ ಬಗೆಯನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ಬೆಳಕು ಒಂದೊಂದು ಮೂಲೆಗೂ ಬೇರೆ ಬೇರೆಯಾಗಿ ಬೀಳುತ್ತದೆ. 1095ರಲ್ಲಿ ಈ ಊರಿನಲ್ಲಿ ಬೌದ್ಧ ವಿಹಾರವಿತ್ತೆಂದು ಶಾಸನ ಹೇಳುತ್ತದೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಗುಡ್ಡದ ಬುಡದಲ್ಲಿ ಡೋಣಿ. ತಿಕೋಟಾ, ಸಾರವಾಡದ ಬಯಲಿನಲ್ಲಿ ನಮ್ಮ ಡೋಣಿ ಹೊಳೆ ಉಪ್ಪುನೀರು ಹರಿಸಿಯೂ ಎರೆನೆಲದಲ್ಲಿ ರಾಶಿ ರಾಶಿ ಜೋಳ ಬೆಳೆಸುತ್ತದೆ. ಅದೇ ಹೆಸರಿನ ಈ ಊರಿನ ಹಳ್ಳದಲ್ಲಿ ಜಲಗಾರರು ಬಂಗಾರ ತೊಳೆದರು. ಡೋಣಿಯಿಂದ ಕಪ್ಪತ ಮಲ್ಲಯ್ಯನ ಗುಡಿಗೆ ಏರುದಾರಿ. ಶ್ರಾವಣದಲ್ಲಿ ಭಕ್ತರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹತ್ತುವುದು ಈ ದಾರಿಯಲ್ಲೇ. ಮೇಲೆ ನಂದಿವೇರಿ ಮಠ, ಇನ್ನೂ ಮೇಲೆ ಗಾಳಿಗುಂಡಿ ಬಸವಣ್ಣ. ಹೆಸರಿಗೆ ತಕ್ಕ ಗಾಳಿ ಅಲ್ಲಿದೆ.

ಪಶ್ಚಿಮಘಟ್ಟದ ಕಾಡು ಕಂಡವರು ಇಲ್ಲಿ ಬಂದು ಇದೂ ಒಂದು ಕಾಡೇ? ಎನ್ನಬಹುದು. ಹಾಗೆ ನೋಡಬಾರದು. ಇದು ಒಣಸೀಮೆಯ ಕಾಡು. ಕಾರೆ, ಕವಳಿ, ಬಾರೆ, ಕಕ್ಕೆ, ದಿಂಡಲ, ಮುತ್ತಲ. ಅವುಗಳ ನಡುವೆ ಮಧುನಾಶಿನಿ, ಶತಾವರಿ, ಅಮೃತಬಳ್ಳಿ. ಇಳಿಜಾರಿನ ತುಂಬ ಆಳೆತ್ತರದ ಹುಲ್ಲು. ಹುಲ್ಲುಗಾವಲನ್ನು ಬಂಜರು ಎಂದು ಬರೆದಿಡುವ ಕಂದಾಯ ಇಲಾಖೆಯ ಹಳೇ ಚಾಳಿಯಿಂದ ನಮ್ಮ ಬಯಲುನಾಡಿನ ಪ್ರಾಣಿಗಳಿಗೆ ಆದಷ್ಟು ನಷ್ಟ ಬೇಟೆಯಿಂದಲೂ ಆಗಿರಲಿಕ್ಕಿಲ್ಲ. ತೋಳಕ್ಕೆ ದಟ್ಟ ಕಾಡು ಬೇಡ, ಕತ್ತೆಕಿರುಬಕ್ಕೆ ಬೇಡ, ಕೃಷ್ಣಮೃಗಕ್ಕಂತೂ ಬೇಡವೇ ಬೇಡ. ಅವುಗಳಿಗೆ ಬೇಕಾದದ್ದು ಇಂಥ ಬಯಲು, ಕುರುಚಲು, ಕಲ್ಲುಪೊಟರೆ. ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆ, ನರಿ, ನಾಲ್ಕು ಕೊಂಬಿನ ಜಿಂಕೆ, ನವಿಲು ಎಲ್ಲವೂ ಇವೆ. ಹಗಲು ಹೋದವರಿಗೆ ನವಿಲು ಬಿಟ್ಟು ಉಳಿದವು ಕಾಣುವುದು ಅಪರೂಪ. ಮಣ್ಣಿನಲ್ಲಿ ಹೆಜ್ಜೆ ಕಂಡರೂ ಸಂತೋಷಪಡಬೇಕು. ಈ ಪ್ರಾಣಿಗಳೆಲ್ಲ ನಮ್ಮ ವಿಜಯಪುರದ ಬಯಲಿನಲ್ಲೂ ಓಡಾಡಿದವೇ. ಕುರಿಗಾರರು ತೋಳದ ಕಥೆ ಇನ್ನೂ ಹೇಳುತ್ತಾರೆ.

ಗುಡ್ಡದ ನೆತ್ತಿಯುದ್ದಕ್ಕೂ ಈಗ ಗಾಳಿಯಂತ್ರಗಳು ತಿರುಗುತ್ತವೆ. ಹೊಗೆಯಿಲ್ಲದ ವಿದ್ಯುತ್ತು ಬೇಕು, ನಿಜ. ಆದರೆ ಒಂದೊಂದು ಕಂಬಕ್ಕೂ ಒಂದು ರಸ್ತೆ ಹೋಗಿದೆ, ರಸ್ತೆಗಾಗಿ ಗುಡ್ಡದ ಬೆನ್ನು ಕಡಿದಿದೆ, ಕಡಿದಲ್ಲಿ ಮಣ್ಣು ಜಾರುತ್ತದೆ. ಇನ್ನು ಮುಂದೆ ಇಂಥ ಯಂತ್ರಗಳಿಗೆ ಗುಡ್ಡದ ನೆತ್ತಿಯ ಬದಲು ಬಯಲಿನ ಜಾಗ ನೋಡುವುದು ಸರಿ. ನಮ್ಮ ಬಯಲಲ್ಲಿ ಗಾಳಿಗೇನೂ ಕೊರತೆಯಿಲ್ಲ.

ಇನ್ನೊಂದು ಕಷ್ಟ ಬೆಂಕಿ. ಚಳಿಗಾಲ ಕಳೆದು ಹುಲ್ಲು ಒಣಗಿತೆಂದರೆ ಒಂದು ಬೀಡಿತುಂಡು ಸಾಕು. ಹೊಸ ಹುಲ್ಲು ಚಿಗುರಲೆಂದು ಹಚ್ಚುವವರೂ ಇದ್ದಾರೆ. ಕಬಲಾಯತಕಟ್ಟಿ, ಅತ್ತಿಕಟ್ಟಿಯಂಥ ತಾಂಡಾಗಳ, ಬುಡದ ಹಳ್ಳಿಗಳ ಜನ ದನ ಮೇಯಿಸಲು, ಸೌದೆಗೆ, ಹುಲ್ಲಿಗೆ ತಲೆತಲಾಂತರದಿಂದ ಗುಡ್ಡವನ್ನೇ ನಂಬಿದವರು. ಅಭಯಾರಣ್ಯವೆಂದರೆ ತಮ್ಮನ್ನು ಹೊರಗಟ್ಟುತ್ತಾರೆ ಎಂಬ ಭಯ ಅವರಲ್ಲಿ ಹುಟ್ಟಿದ್ದು ಸಹಜ. ಹಳೆಯ ಗಣಿಗಳಲ್ಲಿ ಕೂಲಿ ಮಾಡಿದವರೂ ಇಂಥ ಬಡವರೇ, ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರೇ. ಇವರ ಹುಲ್ಲಿನ ಹಕ್ಕನ್ನು, ಜೇನು, ಸೀತಾಫಲದ ಪಾಲನ್ನು ಒಪ್ಪಿಕೊಂಡು, ಬೆಂಕಿ ಕಾಯುವ ಕೆಲಸಕ್ಕೆ ಇವರನ್ನೇ ಕೂಲಿ ಕೊಟ್ಟು ನೇಮಿಸಿಕೊಂಡರೆ ಗುಡ್ಡಕ್ಕೆ ಅದಕ್ಕಿಂತ ಒಳ್ಳೆಯ ಬೇಲಿಯಿಲ್ಲ. ಗಣಿಯವರ ಅರ್ಜಿಗಳು ಇಂದಿಗೂ ನಿಂತಿಲ್ಲ. ಬಂಗಾರದ ಬೆಲೆ ಏರಿದಾಗಲೆಲ್ಲ ಹಳೆಯ ಗಣಿಗಳ ಫೈಲು ಯಾರದೋ ಮೇಜಿನ ಮೇಲೆ ತೆರೆದುಕೊಳ್ಳುತ್ತದೆ. ಹೊರಗಿನ ನಮ್ಮಂಥವರ ಲೇಖನ ಆಗ ಗುಡ್ಡವನ್ನು ಕಾಯುವುದಿಲ್ಲ. ದಿನವೂ ಗುಡ್ಡ ಹತ್ತಿ ಇಳಿಯುವವರು ಬೇಡ ಎಂದರೆ ಮಾತ್ರ ಅದು ಉಳಿಯುತ್ತದೆ.

ನಮ್ಮ ಜಿಲ್ಲೆಯವರು ಇದನ್ನು ನೋಡಲೇಬೇಕು ಎಂದು ನಾನು ಒತ್ತಿ ಹೇಳಲು ಕಾರಣವಿದೆ. ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೊಂದು. ಕೋಟಿ ವೃಕ್ಷ ಅಭಿಯಾನ ಶುರುವಾದ ಮೇಲೆ ರಸ್ತೆ ಬದಿ, ಕಾಲುವೆ ದಂಡೆ, ಶಾಲೆಯ ಅಂಗಳ, ಹೊಲದ ಬದುಗಳಲ್ಲಿ ಗಿಡ ಎದ್ದಿವೆ. ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಗೆ ಕೃಷ್ಣೆಯ ನೀರು ಬಂದಿದೆ. ಅಲ್ಲಿಯ ಅರಣ್ಯ ಭೂಮಿಯಲ್ಲಿ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರ ಹೆಸರಿನಲ್ಲಿ ವನ ಬೆಳೆಸುವ ಕೆಲಸ ನಡೆದಿದೆ. ಮನಸ್ಸು ತುಂಬಿ ಬರುವ ಕೆಲಸ. ಆದರೆ ನೆಟ್ಟು ಬೆಳೆಸಿದ ಗಿಡಕ್ಕೂ ತಾನೇ ಬೆಳೆದ ಕಾಡಿಗೂ ವ್ಯತ್ಯಾಸವಿದೆ. ಒಣಸೀಮೆಯ ಕಾಡು ಹೇಗಿರುತ್ತದೆ, ಅದರಲ್ಲಿ ಹುಲ್ಲಿಗೆಷ್ಟು ಜಾಗ, ಗಿಡಕ್ಕೆಷ್ಟು, ಯಾವ ಗಿಡದ ನೆರಳಲ್ಲಿ ಯಾವ ಬಳ್ಳಿ ಎಂಬುದನ್ನು ನರ್ಸರಿಯಲ್ಲಿ ಕಲಿಯಲಾಗದು. ಮಮದಾಪುರದಲ್ಲಿ ಯಾವ ಸಸಿ ಹಾಕಬೇಕೆಂದು ತಿಳಿಯಲು ಕಪ್ಪತಗುಡ್ಡದ ಇಳಿಜಾರಿನಲ್ಲಿ ಒಂದು ದಿನ ನಡೆದು ಬರುವುದು ಒಳ್ಳೆಯದು.

ಹೋಗುವ ಕಾಲ ಜುಲೈ ಕೊನೆಯಿಂದ ನವೆಂಬರ್. ಆಗ ಗುಡ್ಡ ಹಸಿರು, ಮೋಡ ಕೈಗೆ ಸಿಗುವಂತೆ ಇಳಿಯುತ್ತದೆ. ಜನವರಿ ಹೊತ್ತಿಗೆ ಹೋದರೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಯನ್ನೂ ಸೇರಿಸಿಕೊಳ್ಳಬಹುದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಅಲ್ಲಿ ತಂಗುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಫೆಬ್ರವರಿಯ ನಂತರ ಗುಡ್ಡ ಹತ್ತುವುದು ಬೇಡ. ಬಿಸಿಲೂ ಹೆಚ್ಚು, ಬೆಂಕಿಯ ಭಯವೂ ಹೆಚ್ಚು. ಗುಡಿ, ಮಠದ ದಾರಿ ಬಿಟ್ಟು ಒಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸ್ಥಳೀಯರೊಬ್ಬರು ಜೊತೆಗಿರಬೇಕು. ಹಳೆಯ ಗಣಿಯ ಬಾಯಿಗಳ ಹತ್ತಿರ ಹೋಗಲೇಬಾರದು. ನೂರು ವರ್ಷದ ಕುಳಿಗಳ ಅಂಚು ಕಂಟಿಯಲ್ಲಿ ಮುಚ್ಚಿಹೋಗಿರುತ್ತದೆ, ಮಳೆಗೆ ಮೆತ್ತಗಾಗಿರುತ್ತದೆ, ಒಳಗೆ ಉಸಿರಾಡುವ ಗಾಳಿ ಇರುತ್ತದೆಂಬ ಭರವಸೆಯಿಲ್ಲ.

ಅಲಾಸ್ಕಾದವರು ಮಾಡಿದ ಒಂದು ಕೆಲಸವನ್ನು ನಾವೂ ಮಾಡಬಹುದು. ಡೋಣಿಯಲ್ಲೋ ಡಂಬಳದಲ್ಲೋ ಒಂದು ಸಣ್ಣ ಕೋಣೆ. ಅದರಲ್ಲಿ ಜಲಗಾರರ ಮರಿಗೆ, ಬೆಣಚುಕಲ್ಲಿನ ತುಂಡು, ಫೂಟ್ ಬರೆದ ನಕ್ಷೆಯ ಪ್ರತಿ, ಕಂಪನಿ ಕಾಲದ ಚಿತ್ರ ಸಿಕ್ಕರೆ ಚಿತ್ರ, 2017ರ ಧರಣಿಯ ಫೋಟೊಗಳು. ಅಪಾಯದ ಕುಳಿಗಳಿಗೆ ಗಟ್ಟಿ ಬೇಲಿ, ಪಕ್ಕದಲ್ಲಿ ಕನ್ನಡದ ಒಂದು ಫಲಕ. ಇದಕ್ಕೆ ದೊಡ್ಡ ಹಣ ಬೇಡ. ನಮ್ಮ ಕಡೆಯ ಶಾಲೆಗಳು ಪ್ರತಿವರ್ಷ ಮಕ್ಕಳನ್ನು ಆಲಮಟ್ಟಿ, ಕೂಡಲಸಂಗಮ, ಬಾದಾಮಿ, ಐಹೊಳೆಗೆ ಕರೆದೊಯ್ಯುತ್ತವೆ. ಅದೇ ಬಸ್ಸು ಇನ್ನೊಂದು ದಿನ ಮುಂದಕ್ಕೆ ಓಡಿದರೆ ಲಕ್ಕುಂಡಿ, ಡಂಬಳ, ಡೋಣಿ ಮೂರೂ ಆಗುತ್ತವೆ. ತಿಕೋಟಾ, ಬಬಲೇಶ್ವರದ ಪ್ರೌಢಶಾಲೆಗಳ ಮೇಷ್ಟ್ರುಗಳು ಈ ಸಲದ ಪ್ರವಾಸದ ಪಟ್ಟಿ ಬರೆಯುವಾಗ, ಅನುಮತಿಗಾಗಿ ಗದಗ ಅರಣ್ಯ ಕಚೇರಿಗೆ ಒಂದು ಪತ್ರವನ್ನೂ ಬರೆಯಲಿ.